ಪೋಸ್ಟ್‌ಗೂ ಮುನ್ನ ‘ತಡೆಯಿರಿ’ ಎನ್ನುವವರು ಯಾರು?

ಸಾಮಾಜಿಕ ಜಾಲತಾಣಗಳ ಕಾಲದಲ್ಲಿ ಸಾರ್ವಜನಿಕ ಸಂಪರ್ಕ ವೃತ್ತಿ: ಒಂದು ವಿಶ್ಲೇಷಣೆ

ಬೆಂಗಳೂರು: ಹದಿನೆಂಟು ವರ್ಷಗಳ ನಿರೀಕ್ಷೆಯ ಬಳಿಕ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಐಪಿಎಲ್ ಟ್ರೋಫಿ ಗೆದ್ದದ್ದು 2025ರ ಜೂನ್ 3ರ ರಾತ್ರಿ. ಮರುದಿನ ಬೆಳಿಗ್ಗೆ 7 ಗಂಟೆ 1 ನಿಮಿಷಕ್ಕೆ ತಂಡದ ಅಧಿಕೃತ ಸಾಮಾಜಿಕ ಜಾಲತಾಣ ಖಾತೆಯಲ್ಲಿ ವಿಜಯೋತ್ಸವದ ಮೆರವಣಿಗೆಗೆ ಅಭಿಮಾನಿಗಳನ್ನು ಆಹ್ವಾನಿಸುವ ಪೋಸ್ಟ್ ಕಾಣಿಸಿಕೊಂಡಿತು. 8 ಗಂಟೆಗೆ ಮತ್ತೊಂದು ಪೋಸ್ಟ್. 8.55ಕ್ಕೆ ವಿರಾಟ್ ಕೊಹ್ಲಿ ಅವರ ವಿಡಿಯೊ ತುಣುಕಿನೊಡನೆ ಮಗದೊಂದು. ಮೆರವಣಿಗೆ ಇರುವುದಿಲ್ಲ ಎಂದು ಸಂಚಾರ ಪೊಲೀಸರು ಮಧ್ಯಾಹ್ನಕ್ಕೆ ಮುನ್ನವೇ ತಿಳಿಸಿದ್ದರು. ಆದರೂ ಮಧ್ಯಾಹ್ನ 3.14ಕ್ಕೆ ಮೆರವಣಿಗೆಯ ವೇಳೆಯನ್ನೂ ಉಚಿತ ಪಾಸ್‌ಗಳ ವಿವರವನ್ನೂ ಹೊತ್ತ ಇನ್ನೊಂದು ಪೋಸ್ಟ್ ಬಂತು. ಇವೆಲ್ಲವನ್ನೂ ಒಟ್ಟು 44 ಲಕ್ಷಕ್ಕೂ ಹೆಚ್ಚು ಬಾರಿ ವೀಕ್ಷಿಸಲಾಗಿತ್ತು ಎಂದು ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಸಲ್ಲಿಸಿದ ವರದಿ ಹೇಳುತ್ತದೆ.

ಅಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. 35 ಸಾವಿರ ಮಂದಿ ಕೂರಬಹುದಾದ ಕ್ರೀಡಾಂಗಣದತ್ತ ಎರಡು–ಮೂರು ಲಕ್ಷ ಜನ ಬಂದಿದ್ದರು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದೇ ಸಂಜೆ ಹೇಳಿದರು. ಜೂನ್ 6ರಂದು ಫ್ರಾಂಚೈಸಿಯ ಮಾರ್ಕೆಟಿಂಗ್ ಮುಖ್ಯಸ್ಥರು ಬಂಧನಕ್ಕೆ ಒಳಗಾದರು; ಕೆಲವು ದಿನಗಳ ನಂತರ ಹೈಕೋರ್ಟ್ ಅವರಿಗೆ ಮಧ್ಯಂತರ ಬಿಡುಗಡೆ ನೀಡಿತು. ಅಮಾನತುಗೊಂಡಿದ್ದ ಪೊಲೀಸ್ ಅಧಿಕಾರಿಯೊಬ್ಬರ ಅರ್ಜಿಯ ವಿಚಾರಣೆ ನಡೆಸಿದ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಜುಲೈ 1ರ ಆದೇಶದಲ್ಲಿ, ಪೊಲೀಸರ ಅನುಮತಿ ಪಡೆಯದೆ ಏಕಾಏಕಿ ಜಾಲತಾಣದಲ್ಲಿ ಪ್ರಕಟಣೆ ಹೊರಡಿಸಿದ ಫ್ರಾಂಚೈಸಿಯೇ ಇಷ್ಟು ಜನ ಸೇರಲು ಮೇಲ್ನೋಟಕ್ಕೆ ಕಾರಣ ಎಂದು ಅಭಿಪ್ರಾಯಪಟ್ಟಿತು.

ದುರಂತಕ್ಕೆ ಪೋಸ್ಟ್ ಒಂದೇ ಕಾರಣ ಎಂದರೆ ಅದು ಅರ್ಧ ಸತ್ಯವಾದೀತು. ಅದೇ ಸಂಜೆ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸರ್ಕಾರವೇ ಸನ್ಮಾನ ಏರ್ಪಡಿಸಿತ್ತು. ಕ್ರೀಡಾಂಗಣದ ಗೇಟುಗಳ ನಿರ್ವಹಣೆ, ಬಂದೋಬಸ್ತ್, ಸಂಘಟಕರ ನಡುವಿನ ಹೊಂದಾಣಿಕೆ, ಎಲ್ಲವೂ ಪ್ರಶ್ನೆಗೆ ಒಳಗಾಗಿವೆ. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಆಯೋಗ 2025ರ ಜುಲೈನಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿತು. ಕಾನೂನಿನ ಹೊಣೆ ಯಾರದೆಂಬುದನ್ನು ಹೇಳಬೇಕಾದುದು ನ್ಯಾಯಾಲಯ. ಆದರೆ ಸಂಸ್ಥೆಗಳ ಪರವಾಗಿ ಜನರೊಡನೆ ಮಾತನಾಡುವುದನ್ನೇ ಉದ್ಯೋಗವಾಗಿಸಿಕೊಂಡ ಸಾವಿರಾರು ಮಂದಿಯ ಮುಂದೆ ಈ ಘಟನೆ ಒಂದು ಪ್ರಶ್ನೆಯನ್ನು ಇಟ್ಟಿದೆ. ಒಂದು ಪ್ರಕಟಣೆ ಹೊರಬೀಳುವ ಮೊದಲು ‘ತಡೆಯಿರಿ’ ಎಂದು ಹೇಳುವ ಅಧಿಕಾರ ಈಗ ಯಾರ ಕೈಯಲ್ಲಿದೆ?

ವಿಳಂಬ ಕಲಿಸಿದ ಪಾಠ

ಎರಡು ದಶಕಗಳ ಹಿಂದಿನ ಸಾರ್ವಜನಿಕ ಸಂಪರ್ಕಾಧಿಕಾರಿಯ ದಿನಚರಿಯನ್ನು ನೆನೆಯಿರಿ. ಕಾರ್ಯಕ್ರಮವೊಂದು ನಿಗದಿಯಾದರೆ ಲೆಟರ್‌ಹೆಡ್‌ನಲ್ಲಿ ಪ್ರೆಸ್‌ನೋಟ್ ಟೈಪಾಗಬೇಕು, ಮೇಲಧಿಕಾರಿ ಅದಕ್ಕೆ ಸಹಿ ಹಾಕಬೇಕು. ನಂತರ ಅದು ಫ್ಯಾಕ್ಸ್ ಮೂಲಕವೋ, ಸ್ಕೂಟರಿನಲ್ಲಿ ಹೊರಟ ಹುಡುಗನ ಕೈಯಲ್ಲಿನ ಲಕೋಟೆಯ ಮೂಲಕವೋ ಪತ್ರಿಕಾ ಕಚೇರಿಗಳನ್ನು ತಲುಪಬೇಕು. ಅಲ್ಲಿ ವರದಿಗಾರ ಅದನ್ನು ಓದುತ್ತಾನೆ, ಅನುಮಾನ ಬಂದರೆ ಠಾಣೆಗೋ ಪಾಲಿಕೆಗೋ ಫೋನು ಮಾಡುತ್ತಾನೆ. ಉಪಸಂಪಾದಕ ನಾಲ್ಕು ಪುಟವನ್ನು ನಾಲ್ಕು ಪ್ಯಾರಾಗೆ ಇಳಿಸುತ್ತಾನೆ. ಮುಖ್ಯ ಉಪಸಂಪಾದಕ ‘ಇದಕ್ಕೆ ಅನುಮತಿ ಸಿಕ್ಕಿದೆಯೇ’ ಎಂದು ಕೇಳುತ್ತಾನೆ. ಮಾರನೆಯ ಬೆಳಿಗ್ಗೆ ಸುದ್ದಿ ಓದುಗನ ಮನೆ ಬಾಗಿಲಿಗೆ ಬೀಳುತ್ತದೆ.

ಈ ವಿಳಂಬವನ್ನು ಶಪಿಸದ ಪಿಆರ್‌ಒ ಇರಲಿಲ್ಲ. ಕಳುಹಿಸಿದ್ದು ಪ್ರಕಟವಾಗಲಿಲ್ಲ, ಪ್ರಕಟವಾದುದರಲ್ಲಿ ಸಂಸ್ಥೆಯ ಹೆಸರೇ ಇಲ್ಲ ಎಂಬ ದೂರು ನಿತ್ಯದ್ದು. ಆದರೆ ಆ ವಿಳಂಬದೊಳಗೆ ಯಾರೂ ಬೆಲೆ ಕಟ್ಟದ ಒಂದು ರಕ್ಷಣೆ ಅಡಗಿತ್ತು. ಸಂಸ್ಥೆಯ ಮಾತಿಗೂ ಜನರ ಕಿವಿಗೂ ನಡುವೆ, ಆ ಸಂಸ್ಥೆಯಿಂದ ಸಂಬಳ ಪಡೆಯದ ಮೂರು ನಾಲ್ಕು ಮಂದಿ ನಿಂತಿದ್ದರು. ಅವರು ಪ್ರಶ್ನೆ ಕೇಳುತ್ತಿದ್ದರು. ಆ ಪ್ರಶ್ನೆಗಳೇ ಎಷ್ಟೋ ತಪ್ಪುಗಳನ್ನು ಅಚ್ಚಿಗೆ ಹೋಗದಂತೆ ತಡೆದಿದ್ದವು.

ಜೂನ್ 4ರ ಆಹ್ವಾನಕ್ಕೆ ಈ ದಾರಿಯನ್ನು ಹೋಲಿಸಿ ನೋಡಬಹುದು. ಬೆಂಗಳೂರು ನಗರದಲ್ಲಿ ಸಭೆ, ಮೆರವಣಿಗೆಗಳಿಗೆ ಪರವಾನಗಿ ನೀಡುವ ಸಂಬಂಧ 2009ರ ಆದೇಶವೊಂದು ಜಾರಿಯಲ್ಲಿದೆ. ಅದರನ್ವಯ ಅನುಮತಿ ಕೋರದೆ ಕೇವಲ ಮಾಹಿತಿ ಪತ್ರ ನೀಡಲಾಗಿತ್ತು ಎಂಬುದು ಸರ್ಕಾರದ ವಾದ. ಅದೇ ಆಹ್ವಾನ ಪ್ರೆಸ್‌ನೋಟ್ ಆಗಿ ಬಂದಿದ್ದರೆ ಪೊಲೀಸ್ ವರದಿಗಾರಿಕೆ ಮಾಡುವ ಯಾರೇ ಆದರೂ ಮೊದಲು ಪೊಲೀಸ್ ಆಯುಕ್ತರ ಕಚೇರಿಗೆ ಫೋನು ಮಾಡುತ್ತಿದ್ದರು. ‘ಅನುಮತಿ ಕೊಟ್ಟಿಲ್ಲ’ ಎಂಬ ಉತ್ತರ ಬಂದಿದ್ದರೆ ಮರುದಿನದ ಶೀರ್ಷಿಕೆಯೇ ಬೇರೆಯಾಗುತ್ತಿತ್ತು. ಜಾಲತಾಣದಲ್ಲಿ ಆ ಫೋನು ಕರೆಗೆ ಅವಕಾಶವಿಲ್ಲ. ಬೆರಳು ಒತ್ತಿದ ಕ್ಷಣವೇ ಪ್ರಕಟಣೆ. ಪ್ರಕಟವಾದ ಕ್ಷಣದಿಂದಲೇ ಜನ ಮೆಟ್ರೊ ನಿಲ್ದಾಣಗಳತ್ತ ಹೊರಡುತ್ತಾರೆ. ಸುದ್ದಿ ತಿಳಿಸುವುದೂ ಜನರನ್ನು ಕರೆಯುವುದೂ ಒಂದೇ ಕ್ರಿಯೆಯಾಗಿಬಿಟ್ಟಿದೆ.

ಬದಲಾದ ದಿನಚರಿ

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಟ್ವಿಟರ್ ಆರಂಭವಾದದ್ದು 2006ರಲ್ಲಿ, ವಾಟ್ಸ್‌ಆ್ಯಪ್ 2009ರಲ್ಲಿ, ಇನ್‌ಸ್ಟಾಗ್ರಾಮ್ 2010ರಲ್ಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಗಿ, ವಿಡಿಯೊ ನೋಡುವುದು ಹಳ್ಳಿ–ನಗರಗಳೆಂಬ ಭೇದವಿಲ್ಲದೆ ಸಾಮಾನ್ಯ ಸಂಗತಿಯಾಯಿತು. ಇದರೊಂದಿಗೆ ಪಿಆರ್ ವೃತ್ತಿಯವರ ಕೆಲಸದ ಸ್ವರೂಪವೇ ಪಲ್ಲಟಗೊಂಡಿತು.

ಮೊದಲು ಬೆಳಗಿನ ಕೆಲಸವೆಂದರೆ ಪತ್ರಿಕೆಗಳ ಕಟಿಂಗ್ ಕತ್ತರಿಸಿ, ಅಂಟಿಸಿ, ಕಡತ ಸಿದ್ಧಪಡಿಸಿ ಸಾಹೇಬರ ಮೇಜಿನ ಮೇಲಿಡುವುದು. ಈಗ ಹಾಸಿಗೆಯಿಂದ ಏಳುವ ಮುನ್ನವೇ ಫೋನಿನಲ್ಲಿ ಸಂಸ್ಥೆಯ ಹೆಸರು ಹುಡುಕಬೇಕು. ರಾತ್ರಿ ಯಾರು ಬೈದರು, ಯಾರು ವಿಡಿಯೊ ಹಾಕಿದರು, ಅದನ್ನು ಎಷ್ಟು ಮಂದಿ ಹಂಚಿಕೊಂಡರು ಎಂಬುದರ ಲೆಕ್ಕ ಒಂಬತ್ತು ಗಂಟೆಯೊಳಗೆ ಮೇಲಧಿಕಾರಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬೇಕು. ವರದಿಗಾರರಿಗೆ ಪ್ರತ್ಯೇಕ ಗುಂಪು, ಟಿ.ವಿ.ಯವರಿಗೆ ವಿಡಿಯೊ ತುಣುಕು, ಇನ್‌ಸ್ಟಾಗ್ರಾಮಿಗೆ ಅರ್ಧ ನಿಮಿಷದ ರೀಲ್, ಲಿಂಕ್ಡ್‌ಇನ್‌ಗೆ ಗಂಭೀರ ಬರಹ. ಒಂದೇ ಸುದ್ದಿಗೆ ಐದಾರು ರೂಪ. ಇವುಗಳ ನಡುವೆ ಗ್ರಾಹಕರ ದೂರುಗಳು. ಬಿಲ್ ಹೆಚ್ಚು ಬಂತು, ನೀರು ಬರಲಿಲ್ಲ, ವಿಮಾನ ತಡವಾಯಿತು ಎಂದು ಬರೆದವರಿಗೆಲ್ಲ ಸಾರ್ವಜನಿಕವಾಗಿಯೇ ಉತ್ತರ ಕೊಡಬೇಕು. ಗ್ರಾಹಕ ಸೇವೆ, ಜಾಹೀರಾತು, ಸುದ್ದಿ, ಕಾನೂನು ಎಂಬ ನಾಲ್ಕು ವಿಭಾಗಗಳ ಗೋಡೆಗಳು ಒಬ್ಬನೇ ನೌಕರನ ಫೋನಿನೊಳಗೆ ಕುಸಿದಿವೆ.

ರಜೆಯ ದಿನವೆಂಬುದೂ ಉಳಿದಿಲ್ಲ. ಪತ್ರಿಕೆ ರಾತ್ರಿ ಅಚ್ಚಿಗೆ ಹೋದರೆ ಹಳೆಯ ಪಿಆರ್‌ಒ ನಿದ್ರಿಸಬಹುದಿತ್ತು. ಜಾಲತಾಣಕ್ಕೆ ಅಚ್ಚಿನ ವೇಳೆಯಿಲ್ಲ, ಆದ್ದರಿಂದ ಅದನ್ನು ಕಾಯುವವನಿಗೂ ನಿದ್ರೆಯಿಲ್ಲ.

ಇದೆಲ್ಲವೂ ಕೆಡುಕೇ ಎಂದೇನೂ ಅಲ್ಲ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ವ್ಯವಸ್ಥಾಪಕರೊಬ್ಬರು ಕನ್ನಡ ಮಾತನಾಡಲು ನಿರಾಕರಿಸಿದ ವಿಡಿಯೊ ಹರಿದಾಡಿತು. ಬಹು ಬೇಗ ವ್ಯವಸ್ಥಾಪಕರ ವರ್ಗಾವಣೆಯಾಯಿತು, ಬ್ಯಾಂಕ್ ವಿಷಾದ ವ್ಯಕ್ತಪಡಿಸಿತು, ಮುಖ್ಯಮಂತ್ರಿಯವರೂ ಎಕ್ಸ್ ಜಾಲತಾಣದಲ್ಲಿ ಪ್ರತಿಕ್ರಿಯಿಸಿದರು. ಹಿಂದಾಗಿದ್ದರೆ ಇಂಥ ಗ್ರಾಹಕ ದೂರು ಪುಸ್ತಕದಲ್ಲಿ ಬರೆದು ಮನೆಗೆ ಹೋಗಬೇಕಿತ್ತು. ದನಿಯಿಲ್ಲದವನಿಗೆ ದನಿ ಬಂದಿದೆ ಎಂಬುದು ನಿರ್ವಿವಾದ. ಆದರೆ ಶಾಖೆಯೊಂದರ ಕೌಂಟರಿನಲ್ಲಿ ನಡೆದ ಮಾತು, ದೇಶದ ಅತಿ ದೊಡ್ಡ ಬ್ಯಾಂಕಿನ ಪ್ರಧಾನ ಕಚೇರಿ ಉತ್ತರಿಸಬೇಕಾದ ವಿಷಯವಾಗಲು ಈಗ ಒಂದು ಹಗಲು ಸಾಕು ಎಂಬುದನ್ನು ಪಿಆರ್ ವಿಭಾಗಗಳು ಮರೆಯುವಂತಿಲ್ಲ.

ವದಂತಿಯ ಕಾಲು, ಸ್ಪಷ್ಟನೆಯ ಕಾಲು

ಸುದ್ದಿಯ ವೇಗ ಏನು ಮಾಡಬಲ್ಲದು ಎಂಬುದನ್ನು ಬೆಂಗಳೂರು ಬಹಳ ಮುಂಚೆಯೇ ಕಂಡಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್ ಹಾಗೂ ಜಾಲತಾಣಗಳ ಮೂಲಕ ಹಬ್ಬಿ, ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಸರ್ಕಾರದ ಭರವಸೆಗಳು ಪತ್ರಿಕೆಗಳಲ್ಲಿ ಪ್ರಕಟವಾಗುವ ಹೊತ್ತಿಗೆ ರೈಲುಗಳು ಹೊರಟಾಗಿತ್ತು. ಕೊನೆಗೆ ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್‌ಗಳನ್ನು ಸಾಮೂಹಿಕವಾಗಿ ಕಳುಹಿಸದಂತೆ ತಾತ್ಕಾಲಿಕ ಮಿತಿ ಹೇರಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು ಆ ಕ್ರಮ.

2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರು ಗುಂಪಿನ ಹಲ್ಲೆಗೆ ಬಲಿಯಾದರು. ಆ ವರ್ಷದ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವಂತೆ ಮಿತಿ ತಂದಿತು. ಪೊಲೀಸ್ ಇಲಾಖೆಯ ವಕ್ತಾರರಿಗೂ ಜಿಲ್ಲಾ ವಾರ್ತಾಧಿಕಾರಿಗಳಿಗೂ ಅಂದಿನಿಂದ ಹೊಸ ಕೆಲಸವೊಂದು ಸೇರಿಕೊಂಡಿತು: ನಡೆಯದೇ ಇದ್ದುದನ್ನು ‘ನಡೆದಿಲ್ಲ’ ಎಂದು ಪ್ರತಿದಿನ ಹೇಳುವುದು.

ಅಪರಿಚಿತರು ಹಬ್ಬಿಸುವ ವದಂತಿ ಒಂದು ಬಗೆಯದು. ಅಧಿಕೃತ ಖಾತೆಯಿಂದಲೇ ಹೊರಬೀಳುವ ಗೊಂದಲ ಇನ್ನೊಂದು ಬಗೆಯದು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ 2024ರ ಜುಲೈ 15ರಂದು ಒಪ್ಪಿಗೆ ನೀಡಿತು. ಮಸೂದೆಯಲ್ಲಿದ್ದುದು ಆಡಳಿತ ವರ್ಗದಲ್ಲಿ ಶೇ 50, ಆಡಳಿತೇತರ ವರ್ಗದಲ್ಲಿ ಶೇ 70. ಆದರೆ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಲ್ಲಿ ಕನ್ನಡಿಗರಿಗೆ ಶೇ 100ರಷ್ಟು ಮೀಸಲು ಎಂಬ ಪೋಸ್ಟ್ ಮುಖ್ಯಮಂತ್ರಿಯವರ ಎಕ್ಸ್ ಖಾತೆಯಲ್ಲಿ ಬಂದು, ನಂತರ ಅಳಿಸಿಹೋಯಿತು. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ದೇಶವಿಡೀ ಸುತ್ತಿತ್ತು. ಉದ್ಯಮಿಗಳು ಆಕ್ಷೇಪಿಸಿದರು, ಸಾಫ್ಟ್‌ವೇರ್ ಉದ್ಯಮದ ಸಂಘಟನೆ ನಾಸ್ಕಾಂ ಕಳವಳ ವ್ಯಕ್ತಪಡಿಸಿತು. ಇದೇ ಸುಸಮಯವೆಂದು ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳನ್ನು ವಿಶಾಖಪಟ್ಟಣಕ್ಕೆ ಆಹ್ವಾನಿಸಿದರು. ಜುಲೈ 17ರ ಸಂಜೆಗೆ ಮಸೂದೆಯನ್ನೇ ತಡೆಹಿಡಿಯಲಾಯಿತು.

ಮಸೂದೆಯ ಗುಣದೋಷಗಳ ಚರ್ಚೆ ಬೇರೆ. ಕನ್ನಡಿಗರಿಗೆ ಕೆಲಸ ಸಿಗಬೇಕೆಂಬ ಬೇಡಿಕೆಗೆ ದೀರ್ಘ ಇತಿಹಾಸವಿದೆ. ಆದರೆ ಗಂಭೀರವಾದ ಆ ಚರ್ಚೆ, ಅಳಿಸಿಹೋದ ಒಂದು ಪೋಸ್ಟಿನ ಅಂಕಿಯ ಸುತ್ತ ಗಿರಕಿ ಹೊಡೆಯಿತು ಎಂಬುದು ವಿಪರ್ಯಾಸ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಅಳಿಸುವ ಗುಂಡಿ ಇರುವುದರಿಂದ ಆಡಿದ ಮಾತನ್ನು ಹಿಂಪಡೆಯಬಹುದು ಎಂಬ ಭ್ರಮೆಯನ್ನು ಜಾಲತಾಣಗಳು ಹುಟ್ಟಿಸಿವೆ. ಅಳಿಸಿದ ಪೋಸ್ಟಿಗೆ ಮೂಲ ಪೋಸ್ಟಿಗಿಂತ ಹೆಚ್ಚಿನ ಓದುಗರು ದೊರೆಯುತ್ತಾರೆ ಎಂಬುದು ವೃತ್ತಿಯಲ್ಲಿರುವ ಎಲ್ಲರ ಅನುಭವ.

ಅದೇ ವಿವಾದದಲ್ಲಿ ಮಸೂದೆಯನ್ನು ಟೀಕಿಸಿ ಎಕ್ಸ್‌ನಲ್ಲಿ ಬರೆದ ಫೋನ್‌ಪೇ ಮುಖ್ಯಸ್ಥ ಸಮೀರ್ ನಿಗಮ್ ಅವರ ವಿರುದ್ಧ ಕನ್ನಡಿಗರು ಆ್ಯಪ್ ತೆಗೆದುಹಾಕುವ ಅಭಿಯಾನವನ್ನೇ ನಡೆಸಿದರು. ಜುಲೈ 21ರಂದು ಅವರು ಬೇಷರತ್ ಕ್ಷಮೆ ಕೋರಿದರು. ಮುಖ್ಯಸ್ಥರ ವೈಯಕ್ತಿಕ ಅಭಿಪ್ರಾಯಕ್ಕೂ ಸಂಸ್ಥೆಯ ನಿಲುವಿಗೂ ನಡುವೆ ಗೆರೆ ಎಳೆಯುವುದು ಹಿಂದೆ ಪಿಆರ್‌ಒ ಕೆಲಸವಾಗಿತ್ತು. ಪ್ರಶ್ನೋತ್ತರದಲ್ಲಿ ಸಾಹೇಬರು ಎಡವಿದರೆ ಪಕ್ಕದಲ್ಲಿ ಕುಳಿತು ತಿದ್ದುತ್ತಿದ್ದವನೂ ಅವನೇ. ಸಾಹೇಬರ ಕೈಗೇ ಫೋನು ಬಂದ ಮೇಲೆ ಆ ಗೆರೆ ಅಳಿಸಿದೆ. ಪಿಆರ್‌ಒಗೆ ವಿಷಯ ತಿಳಿಯುವುದು ಜನರಿಗೆ ತಿಳಿದ ನಂತರ.

ವಿವರಣೆ ಹಿಂದೆ, ತೀರ್ಮಾನ ಮುಂದೆ

ಇನ್ನೊಂದು ಸಮಸ್ಯೆ, ಸಂಸ್ಥೆ ಮಾತನಾಡುವ ಮೊದಲೇ ಅದರ ಕಡತ ಮಾತನಾಡುವುದು. ಮೈಸೂರು ಸ್ಯಾಂಡಲ್ ಸೋಪ್‌ನ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷದ ಅವಧಿಗೆ ₹6.20 ಕೋಟಿಗೆ ನೇಮಿಸಿದ ಸರ್ಕಾರಿ ಆದೇಶ 2025ರ ಮೇ ತಿಂಗಳಲ್ಲಿ ಜಾಲತಾಣಗಳಲ್ಲಿ ಹರಿದಾಡಿತು. ಕನ್ನಡದ ನಟಿಯರು ಇರಲಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಹೊರರಾಜ್ಯಗಳ ಮಾರುಕಟ್ಟೆಯನ್ನು ಗುರಿಯಾಗಿಸಿ ಈ ನೇಮಕ ಮಾಡಲಾಗಿದೆ ಎಂದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲ ಎಕ್ಸ್‌ನಲ್ಲೇ ವಿವರಣೆ ನೀಡಿದರು. ವಿವರಣೆಯಲ್ಲಿ ವ್ಯಾಪಾರದ ತರ್ಕವಿತ್ತು. ಆದರೆ ಅದು ಬಂದದ್ದು ಸಿಟ್ಟು ಹರಡಿದ ಮೇಲೆ. 1916ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾದ, ನಾಡಿನ ಅಸ್ಮಿತೆಯೊಡನೆ ಬೆರೆತ ಉತ್ಪನ್ನವೊಂದರ ವಿಷಯದಲ್ಲಿ ಈ ಪ್ರಶ್ನೆ ಏಳುತ್ತದೆ ಎಂದು ಊಹಿಸಲು ದೊಡ್ಡ ಸಮೀಕ್ಷೆ ಬೇಕಿರಲಿಲ್ಲ. ಆದೇಶಕ್ಕೆ ಸಹಿ ಬೀಳುವ ಕೋಣೆಯಲ್ಲಿ ಜನರ ಮನಸ್ಸು ಬಲ್ಲ ಸಂಪರ್ಕಾಧಿಕಾರಿಯೊಬ್ಬರ ಮಾತಿಗೆ ಬೆಲೆ ಇದ್ದಿದ್ದರೆ, ಆದೇಶ ಮತ್ತು ವಿವರಣೆ ಒಟ್ಟಿಗೇ ಹೊರಬರಬಹುದಿತ್ತು.

ಹೇಳಲು ಏನೂ ಇಲ್ಲದಿದ್ದಾಗ ಎಷ್ಟು ಬೇಗ ಹೇಳಿದರೂ ಪ್ರಯೋಜನವಿಲ್ಲ ಎಂಬುದಕ್ಕೆ 2025ರ ಡಿಸೆಂಬರಿನ ಇಂಡಿಗೊ ಬಿಕ್ಕಟ್ಟು ಸಾಕ್ಷಿ. ಪೈಲಟ್‌ಗಳ ಕರ್ತವ್ಯದ ಅವಧಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ಸಿದ್ಧತೆ ಸಾಲದೆ, ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ವಿಮಾನ ನಿಲ್ದಾಣಗಳಲ್ಲಿ ಸಿಲುಕಿದ ಪ್ರಯಾಣಿಕರು ವಿಡಿಯೊ ಮಾಡಿ ಹಾಕುತ್ತಲೇ ಇದ್ದರು. ಕಂಪನಿಯ ಸಿಇಒ ವಿಡಿಯೊದಲ್ಲಿ ಕ್ಷಮೆ ಕೋರಿದರು. ಆದರೆ ಸರದಿಯಲ್ಲಿ ನಿಂತವನಿಗೆ ಬೇಕಾದುದು ಕ್ಷಮೆಗಿಂತ ಮುಂಚೆ ಒಂದು ಮಾಹಿತಿ: ನನ್ನ ವಿಮಾನ ಹೊರಡುತ್ತದೆಯೇ, ಇಲ್ಲವೇ? ಕಾರ್ಯಾಚರಣೆ ವಿಭಾಗದ ಬಳಿಯೇ ಉತ್ತರವಿಲ್ಲದಿದ್ದರೆ ಪಿಆರ್ ವಿಭಾಗ ಅದನ್ನು ಸೃಷ್ಟಿಸಲಾರದು.

ನೋಟಿಸಿಗೆ ಮಣಿಯದ ವಿಡಿಯೊ

ಟೀಕಾಕಾರರನ್ನು ನಿಭಾಯಿಸುವ ಹಳೆಯ ಉಪಾಯಗಳೂ ಕೈಕೊಡುತ್ತಿವೆ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಪ್ರಮಾಣದ ಬಗ್ಗೆ ವಿಡಿಯೊ ಮಾಡಿದರು. ಕಂಪನಿ ಲೀಗಲ್ ನೋಟಿಸ್ ಕಳುಹಿಸಿತು, ಅವರು ವಿಡಿಯೊ ತೆಗೆದು ಕ್ಷಮೆ ಕೇಳಿದರು. ಹಿಂದಿನ ಕಾಲವಾಗಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ಈಗ ನೋಟಿಸೇ ಸುದ್ದಿಯಾಯಿತು. ತೆಗೆದ ವಿಡಿಯೊವನ್ನು ಇತರರು ಹಂಚಿದರು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಯಿಂದ ವಿವರಣೆ ಕೇಳಿತು. ಅದೇ ವರ್ಷದ ಕೊನೆಗೆ ಕಂಪನಿ, ಸೇರಿಸುವ ಸಕ್ಕರೆಯನ್ನು ಸುಮಾರು ಶೇ 14ರಷ್ಟು ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ ವರ್ಗದಿಂದ ತೆಗೆಯುವಂತೆ ಇ–ವಾಣಿಜ್ಯ ತಾಣಗಳಿಗೆ ಸೂಚಿಸಿತು.

ಪತ್ರಿಕೆಯೊಂದಕ್ಕೆ ಜಾಹೀರಾತು ನಿಲ್ಲಿಸುವ ಬೆದರಿಕೆ ಒಡ್ಡಬಹುದಿತ್ತು. ಅಡುಗೆಮನೆಯಲ್ಲಿ ಡಬ್ಬಿಯ ಲೇಬಲ್ ಓದುವ ಯುವಕನಿಗೆ ಆ ಬೆದರಿಕೆ ತಟ್ಟದು. ಲೇಬಲ್‌ನಲ್ಲಿರುವುದಕ್ಕೂ ಜಾಹೀರಾತಿನಲ್ಲಿ ಹೇಳುವುದಕ್ಕೂ ಅಂತರವಿದ್ದರೆ ಅದನ್ನು ಮೊದಲು ಗುರುತಿಸಿ ಸಂಸ್ಥೆಗೆ ಎಚ್ಚರಿಕೆ ನೀಡುವುದು ಇಂದು ಪಿಆರ್ ವಿಭಾಗದ ಕೆಲಸವೇ ಆಗಿದೆ. ಹೊರಗಿನವನು ಗುರುತಿಸುವ ತನಕ ಕಾದರೆ ವಕೀಲರಿಗೂ ಅದನ್ನು ಮುಚ್ಚಲಾಗದು.

ಹಣ ಪಡೆದ ಹೊಗಳಿಕೆ, ಆಡದ ಮಾತು

ಇದೇ ಯುವಕರನ್ನು ಹಣ ಕೊಟ್ಟು ತಮ್ಮ ಪರ ಮಾತನಾಡಿಸುವುದೂ ಪಿಆರ್ ಏಜೆನ್ಸಿಗಳ ದೈನಂದಿನ ಕೆಲಸವಾಗಿದೆ. ಸುದ್ದಿಗೋಷ್ಠಿಗೆ ಪತ್ರಕರ್ತರ ಪಟ್ಟಿ ಸಿದ್ಧಪಡಿಸುತ್ತಿದ್ದವರು ಈಗ ಇನ್‌ಫ್ಲುಯೆನ್ಸರ್‌ಗಳ ಪಟ್ಟಿಯನ್ನೂ, ಅವರ ದರಪಟ್ಟಿಯನ್ನೂ ಇಟ್ಟುಕೊಳ್ಳುತ್ತಾರೆ. ಇಲ್ಲಿ ಕಾನೂನು ಸ್ಪಷ್ಟವಾಗಿದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿಯೇ, ಹಣ ಪಡೆದ ಪೋಸ್ಟಿಗೆ ಜಾಹೀರಾತು ಎಂಬ ಗುರುತು ಇರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಅದನ್ನು ಪುನರುಚ್ಚರಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ವಿಧಿಸಬಹುದು. ಗುರುತಿಲ್ಲದ ಹೊಗಳಿಕೆ ಓದುಗನಿಗೆ ಮಾಡುವ ಮೋಸ ಮಾತ್ರವಲ್ಲ, ಅದನ್ನು ಏರ್ಪಡಿಸಿದ ಏಜೆನ್ಸಿಗೆ ಮುಂದೊಂದು ದಿನ ಕಾನೂನಿನ ಕುಣಿಕೆಯೂ ಆಗಬಹುದು.

ಆಡದ ಮಾತಿಗೂ ಉತ್ತರಿಸಬೇಕಾದ ಸ್ಥಿತಿ ಇದಕ್ಕೆ ಸೇರಿಕೊಂಡಿದೆ. 2022ರ ನವೆಂಬರಿನಲ್ಲಿ ಟ್ವಿಟರ್ ಹಣಕ್ಕೆ ನೀಲಿ ಗುರುತು ನೀಡತೊಡಗಿದಾಗ, ಅಮೆರಿಕದ ಔಷಧ ಕಂಪನಿ ಎಲಿ ಲಿಲ್ಲಿಯ ಹೆಸರಿನ ನಕಲಿ ಖಾತೆಯೊಂದು ಇನ್ಸುಲಿನ್ ಉಚಿತ ಎಂದು ಪ್ರಕಟಿಸಿತು; ನಿಜವಾದ ಕಂಪನಿ ಸ್ಪಷ್ಟನೆ ನೀಡಿ ಕ್ಷಮೆ ಕೇಳಬೇಕಾಯಿತು. 2023ರ ಡಿಸೆಂಬರಿನಲ್ಲಿ ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ, ತಮ್ಮ ಮುಖ ಮತ್ತು ದನಿಯನ್ನು ಬಳಸಿ ಹೂಡಿಕೆ ಆ್ಯಪ್‌ಗಳ ಪರ ಸೃಷ್ಟಿಸಿದ ಡೀಪ್‌ಫೇಕ್ ವಿಡಿಯೊಗಳನ್ನು ನಂಬಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಿದರು. ಹೀಗಾಗಿ ‘ಇದು ನಮ್ಮ ಮಾತೇ’ ಎಂದು ಸಾಬೀತುಪಡಿಸುವ ವ್ಯವಸ್ಥೆಯನ್ನೂ ಸಂಸ್ಥೆಗಳು ಈಗ ರೂಪಿಸಿಕೊಳ್ಳಬೇಕಾಗಿದೆ. ತನ್ನದೇ ಅಧಿಕೃತ ಖಾತೆಯಲ್ಲಿ ಆತುರದ ಮಾತನಾಡಿ, ಅಳಿಸಿ, ಮತ್ತೆ ಹಾಕುವ ಸಂಸ್ಥೆ ನಕಲಿ ಮಾತನ್ನು ನಿರಾಕರಿಸಿದಾಗ ಜನ ನಂಬುವುದು ಕಷ್ಟ.

ಬೇಕಾಗಿರುವುದು ತಡೆಯುವ ಅಧಿಕಾರ

ಈ ಎಲ್ಲ ಪ್ರಕರಣಗಳಲ್ಲಿ ಒಂದು ಸಾಮಾನ್ಯ ಎಳೆ ಕಾಣುತ್ತದೆ. ವೇಗಕ್ಕೆ ಬೇಕಾದ ಸಲಕರಣೆ, ಸಿಬ್ಬಂದಿ, ಏಜೆನ್ಸಿ ಎಲ್ಲವನ್ನೂ ಸಂಸ್ಥೆಗಳು ಒದಗಿಸಿಕೊಂಡಿವೆ. ಹಿಂದೆ ಪತ್ರಿಕಾ ಕಚೇರಿಯ ಮೇಜು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಕೇಳುವವರು ಯಾರು ಎಂಬುದನ್ನು ಮಾತ್ರ ಗೊತ್ತುಪಡಿಸಿಕೊಂಡಿಲ್ಲ. ಎಷ್ಟೋ ಕಡೆ ಅಧಿಕೃತ ಖಾತೆಯ ಪಾಸ್‌ವರ್ಡ್ ಇರುವುದು ಏಜೆನ್ಸಿಯ ಕಿರಿಯ ನೌಕರರ ಬಳಿ. ಮೇಲಿನಿಂದ ‘ಈಗಲೇ ಹಾಕಿ’ ಎಂದು ಸಂದೇಶ ಬಂದರೆ ‘ಅನುಮತಿ ಪತ್ರ ಎಲ್ಲಿ ಸಾರ್’ ಎಂದು ಕೇಳುವ ಧೈರ್ಯವಾಗಲೀ ಅಧಿಕಾರವಾಗಲೀ ಅವರಿಗಿಲ್ಲ. ಪೋಸ್ಟ್ ಗೆದ್ದರೆ ಶ್ರೇಯ ಮೇಲಿನವರಿಗೆ, ಸೋತರೆ ಕೆಲಸ ಹೋಗುವುದು ಕೆಳಗಿನವರದು.

ಮಾಡಬೇಕಾದುದು ದುಬಾರಿಯಾದುದೇನಲ್ಲ. ಜನರನ್ನು ಒಂದೆಡೆ ಸೇರಿಸುವ, ಹಣ ಕಟ್ಟಿಸಿಕೊಳ್ಳುವ, ಆರೋಗ್ಯ ಅಥವಾ ಸುರಕ್ಷತೆಗೆ ಸಂಬಂಧಿಸಿದ ಯಾವುದೇ ಪ್ರಕಟಣೆಗೆ ಇಬ್ಬರ ಒಪ್ಪಿಗೆ ಕಡ್ಡಾಯವಾಗಲಿ. ಅವರಲ್ಲಿ ಒಬ್ಬರು ಪ್ರಚಾರದ ಹೊಣೆ ಹೊರದವರಾಗಿರಲಿ. ಸಭೆ–ಸಮಾರಂಭದ ಆಹ್ವಾನಕ್ಕೆ ಪೊಲೀಸ್ ಅನುಮತಿಯ ಸಂಖ್ಯೆಯನ್ನು ಸೇರಿಸಲಿ. ತಪ್ಪಾದರೆ ಪೋಸ್ಟನ್ನು ಸದ್ದಿಲ್ಲದೆ ಅಳಿಸುವ ಬದಲು, ಪತ್ರಿಕೆಗಳು ತಿದ್ದುಪಡಿ ಪ್ರಕಟಿಸುವಂತೆ, ಯಾವುದು ತಪ್ಪು, ಯಾವುದು ಸರಿ ಎಂದು ಅದೇ ಖಾತೆಯಲ್ಲಿ ಹೇಳಲಿ. ಮುಂಬೈ, ಗುರುಗ್ರಾಮಗಳಲ್ಲಿ ಸಿದ್ಧವಾಗಿ ಯಂತ್ರಾನುವಾದದಲ್ಲಿ ಬರುವ ಕನ್ನಡ ಪ್ರಕಟಣೆಗಳ ಜಾಗದಲ್ಲಿ ಇಲ್ಲಿಯ ಜನರ ಭಾವನೆ ಬಲ್ಲ ಕನ್ನಡಿಗರೇ ಬರೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ತೀರ್ಮಾನ ತೆಗೆದುಕೊಳ್ಳುವ ಸಭೆಗೆ ಸಂಪರ್ಕಾಧಿಕಾರಿಯನ್ನು ಕರೆಯಲಿ. ತೀರ್ಮಾನವಾದ ಮೇಲೆ ‘ಒಂದು ಪೋಸ್ಟ್ ಮಾಡಿಬಿಡಿ’ ಎಂದು ಹೇಳಿ ಕಳುಹಿಸುವುದು ನಿಲ್ಲಲಿ.

ಪತ್ರಕರ್ತರಾದ ನಮಗೂ ಇದರಲ್ಲಿ ಪಾಲಿದೆ. ಅಧಿಕೃತ ಖಾತೆಯ ಪೋಸ್ಟನ್ನು ಒಂದು ಫೋನು ಕರೆಯನ್ನೂ ಮಾಡದೆ ‘ಬ್ರೇಕಿಂಗ್’ ಎಂದು ಬಿತ್ತರಿಸುವ ಸುದ್ದಿಮನೆಗಳು ತಮ್ಮ ಹಳೆಯ ಕರ್ತವ್ಯವನ್ನು ತಾವೇ ಕೈಬಿಟ್ಟಿವೆ. ಪಿಆರ್‌ಒ ಕಳುಹಿಸಿದ್ದನ್ನು ಪ್ರಶ್ನಿಸುವುದು ಅವರೊಡನೆ ಹಗೆ ಸಾಧಿಸುವುದಲ್ಲ. ಅವರಿಗೂ ಓದುಗರಿಗೂ ಮಾಡುವ ಉಪಕಾರ.

ಚಿನ್ನಸ್ವಾಮಿ ದುರಂತದ ನಂತರ ಫ್ರಾಂಚೈಸಿಯ ಜಾಲತಾಣ ಖಾತೆಗಳು ಸುಮಾರು ಮೂರು ತಿಂಗಳು ಮೌನವಾಗಿದ್ದವು. ಆಗಸ್ಟ್ ಅಂತ್ಯದಲ್ಲಿ ಮೌನ ಮುರಿದು, ಮೃತರ ಕುಟುಂಬಗಳಿಗೆ ತಲಾ ₹25 ಲಕ್ಷ ನೆರವು ಘೋಷಿಸಲಾಯಿತು. ಕಳೆದುಕೊಂಡವರಿಗೆ ಆ ಮೊತ್ತವಾಗಲೀ ಮೌನವಾಗಲೀ ಸಮಾಧಾನ ತಾರದು. ಮೂರು ತಿಂಗಳು ಮಾತನಾಡದೆ ಇರಬಲ್ಲ ಖಾತೆಯೊಂದು, ಪೊಲೀಸರ ಅನುಮತಿ ಕೈಗೆ ಬರುವವರೆಗೆ ಕೆಲವೇ ಗಂಟೆ ಸುಮ್ಮನಿರಬಹುದಿತ್ತು.